ಲಕ್ಕಿ ಸೊಪ್ಪಿನ ಸಾರ ಹಾಕಿದರೆ ಸಿಪ್ರೊ ಝೋನ್ 24ರಿಂದ 28 ಮಿ.ಮೀ. ಆಗ್ತಿದೆ, ಇದನ್ನ ಸಿನರ್ಜಿ ಅನ್ನಬಹುದಾ?

ಕಲ್ಪತರು_ಎಂಎಸ್ಸಿ (ತುಮಕೂರು)

ಎಲ್ಲರಿಗೂ ನಮಸ್ಕಾರ. ಮೈಕ್ರೊಬಯಾಲಜಿ ಎಂ.ಎಸ್ಸಿ. ಕೊನೇ ಸೆಮಿಸ್ಟರ್ ಪ್ರಾಜೆಕ್ಟ್ ಇದು. ದೇವರಾಯನದುರ್ಗದ ಕಡೆಯ ಲಕ್ಕಿ ಸೊಪ್ಪನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಮೆಥನಾಲ್‌ನಲ್ಲಿ ಸಾರ ತೆಗೆದಿದ್ದೇನೆ. 5 ಮೈಕ್ರೊಗ್ರಾಂ ಸಿಪ್ರೊಫ್ಲಾಕ್ಸಾಸಿನ್ (ಸಿಪ್ರೊ) ಆ್ಯಂಟಿಬಯಾಟಿಕ್ ಡಿಸ್ಕ್ ಮೇಲೆ 20 ಮೈಕ್ರೊಲೀಟರ್ ಸಾರ ಹಾಕಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಹರಡಿದ ಪ್ಲೇಟಿನಲ್ಲಿಟ್ಟರೆ ಝೋನ್ (ಡಿಸ್ಕ್ ಸುತ್ತ ಏನೂ ಬೆಳೆಯದ ವೃತ್ತ) 28 ಮಿ.ಮೀ. ಬರುತ್ತೆ. ಬರೀ ಸಿಪ್ರೊ ಡಿಸ್ಕ್‌ಗೆ 24. ಬರೀ ಸಾರಕ್ಕೆ 9.

ನನ್ನ ಪ್ರಶ್ನೆಗಳು: ಇದನ್ನು ಸಿನರ್ಜಿ (ಎರಡೂ ಸೇರಿ ಒಂದಕ್ಕೊಂದು ಬಲ ಕೊಡೋದು) ಎಂದು ಬರೆಯಬಹುದಾ? ಚೆಕರ್‌ಬೋರ್ಡ್ (ಎರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಜೋಡಿಸಿ ನೋಡುವ ಪರೀಕ್ಷೆ) ಮಾಡಲೇಬೇಕು ಅಂದರೆ 96 ವೆಲ್ (ಪುಟ್ಟ ಗುಂಡಿ) ಇರುವ ಪ್ಲೇಟಿನಲ್ಲಿ ಯಾವುದನ್ನು ಎಲ್ಲಿ, ಎಷ್ಟು ಹಾಕಬೇಕು? ಸಾರ ನೀರಿನಲ್ಲಿ ಕರಗಲ್ಲ, ಅದನ್ನು ಕರಗಿಸುವ ದ್ರಾವಕ ಡಿಎಂಎಸ್‌ಒ ಎಷ್ಟರವರೆಗೆ ಹಾಕಬಹುದು?

ಪ್ಲೇಟ್96

ಬೇಜಾರು ಮಾಡ್ಕೋಬೇಡಿ, ಈ ಅಂಕಿಗಳಿಂದ ಸಿನರ್ಜಿ ಅನ್ನೋಕಾಗಲ್ಲ. ಯಾಕೆ ಅಂತ ಮೊದಲು ನೋಡೋಣ.

ಸ್ಟ್ಯಾಫ್ ಆರಿಯಸ್‌ಗೆ ಸಿಪ್ರೊ ಝೋನ್ 21 ಮಿ.ಮೀ. ಅಥವಾ ಹೆಚ್ಚಿದ್ದರೆ ಅದು ಸೆನ್ಸಿಟಿವ್. ನಿಮ್ಮದು 24. ಅಂದರೆ ಔಷಧಿ ಒಂಟಿಯಾಗಿಯೇ ಕೆಲಸ ಮಾಡುತ್ತಿದೆ, ಅಲ್ಲಿ ಗಿಡಕ್ಕೆ ಮಾಡೋಕೆ ಕೆಲಸವೇ ಉಳಿದಿಲ್ಲ. ಇನ್ನೊಂದು, ಡಿಸ್ಕ್ ಪರೀಕ್ಷೆಯ ಕಂಟ್ರೋಲ್ ತಳಿ ಎಟಿಸಿಸಿ 25923ಕ್ಕೆ ಸಿಪ್ರೊ ಝೋನ್ 22ರಿಂದ 30 ಮಿ.ಮೀ. ಒಳಗೆ ಬಂದರೆ ಸರಿ ಎಂದೇ ಒಪ್ಪುತ್ತಾರೆ. ಒಂದೇ ತಳಿ, ಒಂದೇ ಡಿಸ್ಕ್, ಆದರೂ ಎಂಟು ಮಿ.ಮೀ. ಅಂತರಕ್ಕೆ ಜಾಗ ಕೊಟ್ಟಿದ್ದಾರೆ. ನಿಮ್ಮ ನಾಲ್ಕು ಮಿ.ಮೀ. ಅದರೊಳಗೇ ಮುಳುಗಿ ಹೋಗುತ್ತೆ. ಮೂರನೆಯದು, 20 ಮೈಕ್ರೊಲೀಟರ್ ದ್ರವ ಬಿದ್ದ ಡಿಸ್ಕ್ ಒದ್ದೆಯಾಗಿ ಔಷಧಿ ಬೇಗ ಹೊರಗೆ ಹರಿಯುತ್ತೆ. ಬರೀ ಮೆಥನಾಲ್ ಹಾಕಿದ ಸಿಪ್ರೊ ಡಿಸ್ಕ್ ಇಟ್ಟಿದ್ದೀರಾ? ಆ ಕಂಟ್ರೋಲ್ ಇಲ್ಲದೆ 28 ಅನ್ನೋ ಸಂಖ್ಯೆಗೆ ಅರ್ಥ ಇಲ್ಲ.

ಈಗ ಚೆಕರ್‌ಬೋರ್ಡ್. ಪ್ರತಿ ವೆಲ್‌ನಲ್ಲಿ ಕೊನೆಗೆ 100 ಮೈಕ್ರೊಲೀಟರ್ ಇರುವ ಹಾಗೆ ಲೆಕ್ಕ ಹಾಕಿ: ನಾಲ್ಕು ಪಟ್ಟು ಗಟ್ಟಿಯಾದ ಆ್ಯಂಟಿಬಯಾಟಿಕ್ 25, ನಾಲ್ಕು ಪಟ್ಟು ಗಟ್ಟಿಯಾದ ಸಾರ 25, ಎರಡು ಪಟ್ಟು ಗಟ್ಟಿಯಾದ ಬ್ಯಾಕ್ಟೀರಿಯಾ 50. ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ದ್ರವ) ಕ್ಯಾಟಯಾನ್ ಹೊಂದಿಸಿದ ಮುಲ್ಲರ್ ಹಿಂಟನ್ನೇ ಆಗಬೇಕು. ನ್ಯೂಟ್ರಿಯೆಂಟ್ ಬ್ರಾತ್‌ನಲ್ಲಿ ಮಾಡಿದರೆ ನಿಮ್ಮ ಎಂಐಸಿಯನ್ನು (ಬೆಳವಣಿಗೆ ತಡೆಯುವ ಅತಿ ಕಮ್ಮಿ ಪ್ರಮಾಣ) ಬೇರೆ ಯಾರ ಎಂಐಸಿ ಜೊತೆಗೂ ಹೋಲಿಸೋಕೆ ಬರಲ್ಲ.

ಪ್ಲೇಟಿನ 1ರಿಂದ 9ನೇ ಕಾಲಂವರೆಗೆ ಸಿಪ್ರೊ: ಅದರ ಎಂಐಸಿಯ 4 ಪಟ್ಟಿನಿಂದ ಶುರುಮಾಡಿ ಅರ್ಧ ಅರ್ಧ ಇಳಿಸುತ್ತಾ 64ನೇ ಒಂದು ಭಾಗದವರೆಗೆ. 10ನೇ ಕಾಲಂನಲ್ಲಿ ಸಿಪ್ರೊ ಇಲ್ಲ, ಬರೀ ಸಾರ. ಅಡ್ಡಸಾಲು ಎಯಿಂದ ಜಿವರೆಗೆ ಸಾರ: ಅದರ ಎಂಐಸಿಯ 2 ಪಟ್ಟಿನಿಂದ 32ನೇ ಒಂದು ಭಾಗದವರೆಗೆ. ಎಚ್ ಸಾಲಿನಲ್ಲಿ ಸಾರ ಇಲ್ಲ, ಬರೀ ಸಿಪ್ರೊ. ಹೀಗಾದರೆ ಎರಡರ ಒಂಟಿ ಎಂಐಸಿಯೂ ಅದೇ ಪ್ಲೇಟಿನಲ್ಲೇ ಸಿಗುತ್ತೆ. ನಿನ್ನೆ ನೋಡಿದ ಎಂಐಸಿಯನ್ನು ಇವತ್ತಿನ ಪ್ಲೇಟಿಗೆ ಹಾಕಿ ಲೆಕ್ಕ ಮಾಡಬಾರದು. 11ನೇ ಕಾಲಂನ ಮೇಲಿನ ನಾಲ್ಕು ವೆಲ್ ಬ್ಯಾಕ್ಟೀರಿಯಾ ಮಾತ್ರ, ಕೆಳಗಿನ ನಾಲ್ಕು ಬ್ಯಾಕ್ಟೀರಿಯಾ ಜೊತೆ ಡಿಎಂಎಸ್‌ಒ. 12ನೇ ಕಾಲಂನ ಮೇಲಿನ ನಾಲ್ಕು ಬರೀ ಬ್ರಾತ್, ಕೆಳಗಿನ ನಾಲ್ಕು ಬ್ರಾತ್ ಜೊತೆ ಅತಿ ಹೆಚ್ಚು ಪ್ರಮಾಣದ ಸಾರ, ಬ್ಯಾಕ್ಟೀರಿಯಾ ಇಲ್ಲದೆ. ಈ ಕೊನೆಯ ನಾಲ್ಕನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಸೊಪ್ಪಿನ ಸಾರಕ್ಕೆ ಬಣ್ಣ ಇರುತ್ತೆ, ಬ್ರಾತ್‌ನಲ್ಲಿ ಕೆಲವೊಮ್ಮೆ ಮಡ್ಡಿ ಕಟ್ಟುತ್ತೆ. ಈ ವೆಲ್‌ಗಳನ್ನು ನೋಡದೆ ಅದು ಬೆಳವಣಿಗೆಯೋ ಬಣ್ಣವೋ ಹೇಳೋಕಾಗಲ್ಲ.

ಡಿಎಂಎಸ್‌ಒ ಕೊನೆಯ ಪ್ರಮಾಣ ಶೇ. 1 ದಾಟಬಾರದು, ಮತ್ತು ಎಲ್ಲಾ ವೆಲ್‌ನಲ್ಲೂ ಒಂದೇ ಸಮ ಇರಬೇಕು. ಸಾರವನ್ನು ಬ್ರಾತ್‌ನಲ್ಲಿ ಅರ್ಧ ಅರ್ಧ ಮಾಡ್ತಾ ಹೋದರೆ ಡಿಎಂಎಸ್‌ಒ ಕೂಡ ಅರ್ಧ ಅರ್ಧ ಆಗುತ್ತೆ, ಆಗ ಮೇಲಿನ ಸಾಲಿನಲ್ಲಿ ಸತ್ತಿದ್ದು ಯಾವುದರಿಂದ ಅಂತ ಗೊತ್ತಾಗಲ್ಲ. ಅದಕ್ಕೆ, ಮೊದಲು ಪೂರ್ತಿ ಡಿಎಂಎಸ್‌ಒದಲ್ಲೇ ಕೊನೆಯ ಪ್ರಮಾಣದ 100 ಪಟ್ಟು ಗಟ್ಟಿಯ ಸರಣಿ ಮಾಡಿಕೊಳ್ಳಿ. ಪ್ರತಿಯೊಂದರಿಂದ 20 ಮೈಕ್ರೊಲೀಟರ್ ತೆಗೆದು 480 ಬ್ರಾತ್‌ಗೆ ಹಾಕಿ. ಅದು ನಾಲ್ಕು ಪಟ್ಟಿನ ದ್ರಾವಣ, ಶೇ. 4 ಡಿಎಂಎಸ್‌ಒ. ಅದರಲ್ಲಿ 25 ವೆಲ್‌ಗೆ ಹೋದರೆ ಶೇ. 1. ಎಚ್ ಸಾಲಿಗೂ ಇದೇ ಥರ ಬರೀ ಡಿಎಂಎಸ್‌ಒ ಬ್ರಾತ್. ಸಾರವನ್ನು ಫಿಲ್ಟರ್ ಮಾಡುವುದಾದರೆ ಪಿಟಿಎಫ್‌ಇ ಫಿಲ್ಟರ್ ಬಳಸಿ, ಸೆಲ್ಯುಲೋಸ್ ನೈಟ್ರೇಟ್ ಫಿಲ್ಟರ್ ಡಿಎಂಎಸ್‌ಒದಲ್ಲಿ ಕರಗುತ್ತೆ.

ಸಿಪ್ರೊಗೆ ಮಾತ್ರೆ ಪುಡಿ ಮಾಡಬೇಡಿ, ಅದರಲ್ಲಿ ಪಿಷ್ಟ, ಮೆಗ್ನೀಷಿಯಂ ಸ್ಟಿಯರೇಟ್ ಎಲ್ಲಾ ಇರುತ್ತೆ. ಶುದ್ಧ ಪುಡಿ ತಂದು ಬಾಟಲಿ ಮೇಲಿನ ಪೊಟೆನ್ಸಿ ನೋಡಿ. ಮಿಲಿಗ್ರಾಂಗೆ 940 ಮೈಕ್ರೊಗ್ರಾಂ ಅಂತಿದ್ದರೆ, ಮಿ.ಲೀ.ಗೆ 1000 ಮೈಕ್ರೊಗ್ರಾಂ ಇರುವ 10 ಮಿ.ಲೀ. ಸ್ಟಾಕ್‌ಗೆ 10.64 ಮಿಲಿಗ್ರಾಂ ತೂಗಬೇಕು, 10 ಅಲ್ಲ.

ಬ್ಯಾಕ್ಟೀರಿಯಾ: ರಾತ್ರಿ ಬೆಳೆದ ಕಾಲೊನಿಗಳಿಂದ 0.5 ಮ್ಯಾಕ್‌ಫರ್ಲೆಂಡ್ (ಮಬ್ಬಿನ ಅಳತೆ) ದ್ರಾವಣ ಮಾಡಿ. ಅದು ಮಿ.ಲೀ.ಗೆ ಸುಮಾರು 10 ಕೋಟಿ ಬ್ಯಾಕ್ಟೀರಿಯಾ. ಬ್ರಾತ್‌ನಲ್ಲಿ 100 ಪಟ್ಟು ತೆಳು ಮಾಡಿದರೆ 10 ಲಕ್ಷ, ವೆಲ್‌ನಲ್ಲಿ ಅರ್ಧವಾಗಿ 5 ಲಕ್ಷ. ಅರ್ಧ ಗಂಟೆಯೊಳಗೆ ಪ್ಲೇಟಿಗೆ ಹೋಗಬೇಕು. ಸರಿಯಿದೆಯಾ ಅಂತ ನೋಡೋಕೆ, ಹಾಕಿದ ತಕ್ಷಣ ಬೆಳವಣಿಗೆ ಕಂಟ್ರೋಲ್ ವೆಲ್‌ನಿಂದ 10 ಮೈಕ್ರೊಲೀಟರ್ ತೆಗೆದು 10 ಮಿ.ಲೀ. ಸಲೈನ್‌ಗೆ ಬೆರೆಸಿ, ಅದರಲ್ಲಿ 100 ಮೈಕ್ರೊಲೀಟರ್ ಅಗರ್ ಮೇಲೆ ಹರಡಿ. ಮಾರನೇ ದಿನ ಸುಮಾರು 50 ಕಾಲೊನಿ ಬರಬೇಕು. 400 ಬಂದರೆ ಇನಾಕ್ಯುಲಂ (ಹಾಕಿದ ಬ್ಯಾಕ್ಟೀರಿಯಾ) ಜಾಸ್ತಿ, ಆ ಪ್ಲೇಟ್ ಬಿಡಿ. 35 ಡಿಗ್ರಿಯಲ್ಲಿ 16ರಿಂದ 20 ಗಂಟೆ. ಬೇಸಿಗೆಯಲ್ಲಿ ನಮ್ಮ ಕಡೆ ಗಾಳಿ ಒಣಗಿರುತ್ತೆ, ಅಂಚಿನ ವೆಲ್‌ಗಳು ಆವಿಯಾಗಿ ಎಂಐಸಿ ಕಮ್ಮಿ ತೋರಿಸುತ್ತವೆ. ಒದ್ದೆ ಹತ್ತಿ ಇಟ್ಟ ಮುಚ್ಚಿದ ಡಬ್ಬಿಯೊಳಗೆ ಪ್ಲೇಟ್ ಇಡಿ, ನಾಲ್ಕಕ್ಕಿಂತ ಹೆಚ್ಚು ಪೇರಿಸಬೇಡಿ.

ಲೆಕ್ಕ ಹೀಗೆ. ಒಂಟಿಯಾಗಿ ಸಿಪ್ರೊ ಎಂಐಸಿ 8, ಸಾರದ್ದು 64 ಅಂದುಕೊಳ್ಳಿ. ಸಿಪ್ರೊ 1, ಸಾರ 8 ಇರುವ ವೆಲ್ ತಿಳಿಯಾಗಿದ್ದರೆ 1/8 + 8/64 = 0.25. ಈ ಸೂಚ್ಯಂಕ 0.5 ಅಥವಾ ಕಮ್ಮಿ ಇದ್ದರೆ ಮಾತ್ರ ಸಿನರ್ಜಿ, 4 ದಾಟಿದರೆ ವಿರೋಧ, ನಡುವೆ ಇರುವುದೆಲ್ಲ ಏನೂ ಇಲ್ಲ. 0.75 ಬಂತು, ಭಾಗಶಃ ಸಿನರ್ಜಿ ಅಂತ ಬರೆಯೋದು ನನಗೆ ಒಪ್ಪಿಗೆಯಿಲ್ಲ. ಎಂಐಸಿ ಒಂದು ವೆಲ್ ಆಚೀಚೆ ಆಗೋದು ಈ ವಿಧಾನದ ಸಹಜ ತಪ್ಪು. ನಿಜವಾಗಿ 1 ಇರಬೇಕಾದ ಸೂಚ್ಯಂಕ ಎರಡೂ ಕಡೆ ಒಂದೊಂದು ವೆಲ್ ಜಾರಿದರೆ 0.5 ಆಗಿಬಿಡುತ್ತೆ. ಅದಕ್ಕೇ ಮೂರು ಬೇರೆ ಬೇರೆ ದಿನ, ಹೊಸ ಇನಾಕ್ಯುಲಂನಲ್ಲಿ ಮಾಡಿ. ಪ್ರತಿ ಸಲ ಎಂಐಸಿ ಪರೀಕ್ಷೆಯ ಕಂಟ್ರೋಲ್ ತಳಿ ಎಟಿಸಿಸಿ 29213 ಜೊತೆಗಿರಲಿ. ಅದರ ಸಿಪ್ರೊ ಎಂಐಸಿ 0.12ರಿಂದ 0.5ರೊಳಗೆ ಬರದಿದ್ದರೆ ಆ ದಿನದ ಲೆಕ್ಕವೇ ಬೇಡ.

ಕಲ್ಪತರು_ಎಂಎಸ್ಸಿ

ತುಂಬಾ ಧನ್ಯವಾದ ಸರ್. ಮೆಥನಾಲ್ ಡಿಸ್ಕ್ ಇಟ್ಟಿರಲಿಲ್ಲ. ಸಿಪ್ರೊಗೆ ರೆಸಿಸ್ಟೆಂಟ್ ಇರುವ ಎರಡು ಐಸೊಲೇಟ್ (ಬೇರ್ಪಡಿಸಿದ ತಳಿ) ಇವೆ, ಒಂದರ ಎಂಐಸಿ 8, ಇನ್ನೊಂದರದ್ದು 64. ಸಾರದ ಒಂಟಿ ಎಂಐಸಿ 2000 ಮೈಕ್ರೊಗ್ರಾಂಗೂ ಸಿಗಲಿಲ್ಲ. ಬೆಳವಣಿಗೆ ತೋರಿಸುವ ಬಣ್ಣ ರೆಸಜುರಿನ್ ಹಾಕಿದೆ, ಬ್ಯಾಕ್ಟೀರಿಯಾ ಇಲ್ಲದ ವೆಲ್ ಕೂಡ ಗುಲಾಬಿ ಆಯ್ತು. ಕಂಟಾಮಿನೇಷನ್ನಾ?

ರಸಸಾರ

ಕಂಟಾಮಿನೇಷನ್ ಇರಲೂಬಹುದು, ಆದರೆ ಮೊದಲು ಅನುಮಾನಿಸಬೇಕಾದ್ದು ಸಾರವನ್ನೇ. ರೆಸಜುರಿನ್ ನೀಲಿಯಿಂದ ಗುಲಾಬಿಗೆ ತಿರುಗೋದು ಅಪಕರ್ಷಣೆಯಿಂದ. ಸೊಪ್ಪಿನ ಪಾಲಿಫಿನಾಲ್‌ಗಳು ಜೀವಿ ಇಲ್ಲದೆಯೂ ಅದನ್ನು ಮಾಡಬಲ್ಲವು. ಆ ವೆಲ್‌ನಿಂದ 5 ಮೈಕ್ರೊಲೀಟರ್ ಅಗರ್ ಮೇಲೆ ಚುಕ್ಕೆ ಇಟ್ಟು ನೋಡಿ. ಏನೂ ಬೆಳೆಯದಿದ್ದರೆ ಬಣ್ಣಕ್ಕೆ ಸಾರವೇ ಕಾರಣ. ಆಗ ರೆಸಜುರಿನ್ ಬಿಟ್ಟು ಎಲ್ಲಾ ವೆಲ್‌ಗಳನ್ನೂ ಹೀಗೇ ಚುಕ್ಕೆ ಇಟ್ಟು ಓದಿ. ಶ್ರಮ ಜಾಸ್ತಿ, ಆದರೆ ನಂಬಬಹುದು.

2000ಕ್ಕೂ ಎಂಐಸಿ ಸಿಗದ ಸಾರಕ್ಕೆ ಚೆಕರ್‌ಬೋರ್ಡ್ ಸೂಚ್ಯಂಕ ಲೆಕ್ಕ ಹಾಕೋಕೆ ಬರಲ್ಲ, ಛೇದದಲ್ಲಿ ಹಾಕೋ ಸಂಖ್ಯೆಯೇ ಇಲ್ಲವಲ್ಲ. ಇಂಥ ಕಡೆ ಸಾರವನ್ನು ಬೆಳವಣಿಗೆಗೆ ತೊಂದರೆ ಕೊಡದ ಒಂದೇ ಪ್ರಮಾಣದಲ್ಲಿ ನಿಲ್ಲಿಸಿ, ಅದು ಇದ್ದಾಗ, ಇಲ್ಲದಾಗ ಸಿಪ್ರೊ ಎಂಐಸಿ ಎಷ್ಟು ಪಟ್ಟು ಇಳಿಯಿತು ಅಂತ ನೋಡಬೇಕು. ನಾಲ್ಕು ಪಟ್ಟು ಅಥವಾ ಹೆಚ್ಚು ಇಳಿದರೆ ಮಾತಾಡಬಹುದು. ಎರಡು ಪಟ್ಟು ಅಂದರೆ ಒಂದು ವೆಲ್, ಅದು ಲೆಕ್ಕಕ್ಕಿಲ್ಲ.

ನನ್ನ ಸಲಹೆ ಕೇಳಿದರೆ, ಕಚ್ಚಾ ಸಾರದ ಪಕ್ಕದಲ್ಲಿ ಒಂದು ಶುದ್ಧ ಸಂಯುಕ್ತವನ್ನೂ ಇಟ್ಟುಕೊಳ್ಳಿ, ವಿಧಾನ ಸರಿಯಾಗಿ ನಡೆಯುತ್ತಿದೆ ಅಂತ ಗೊತ್ತಾಗುತ್ತೆ. ಸಿಪ್ರೊ ಮತ್ತು ಸ್ಟ್ಯಾಫ್ ಆರಿಯಸ್ ಅಂದರೆ ನೆನಪಿಗೆ ಬರೋದು ನಾರ್‌ಎ ಪಂಪ್. ಒಳಗೆ ಬಂದ ಸಿಪ್ರೊವನ್ನು ಹೊರಗೆ ತಳ್ಳುವ ಪ್ರೋಟೀನ್ ಅದು. ಸರ್ಪಗಂಧದ ರಿಸರ್ಪಿನ್, ಮೆಣಸಿನ ಪಿಪರಿನ್ ಇವೆರಡೂ ಅದನ್ನು ತಡೆಯುತ್ತವೆ. ಮರದರಿಶಿನದ ಬರ್ಬೆರಿನ್ ಕಥೆ ಇನ್ನೂ ಚೆನ್ನಾಗಿದೆ: ಬರ್ಬೆರಿನ್ ಒಳಗೆ ಹೋದರೆ ಇದೇ ಪಂಪ್ ಅದನ್ನು ಹೊರಹಾಕುತ್ತೆ. ಆದರೆ ಬರ್ಬೆರಿನ್ ಮಾಡುವ ಕೆಲವು ಬರ್ಬೆರಿಸ್ ಗಿಡಗಳು 5-ಮೆಥಾಕ್ಸಿಹಿಡ್ನೊಕಾರ್ಪಿನ್ ಅನ್ನೋ ಇನ್ನೊಂದು ವಸ್ತುವನ್ನೂ ಮಾಡುತ್ತವೆ. ತಾನಾಗಿ ಅದು ಬ್ಯಾಕ್ಟೀರಿಯಾ ಕೊಲ್ಲಲ್ಲ, ಪಂಪ್ ಮುಚ್ಚಿ ಬರ್ಬೆರಿನ್‌ಗೆ ದಾರಿ ಬಿಡುತ್ತೆ. 2000ದಲ್ಲಿ ಇದು ಪ್ರಕಟವಾಯಿತು. ಸಿನರ್ಜಿ ಅನ್ನೋದು ಒಂದೇ ಎಲೆಯೊಳಗೆ ಮೊದಲೇ ಇರಬಹುದು ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಪಿಪರಿನ್ ಬಳಸೋದಾದರೆ ಎಚ್ಚರ. ಅದು ನೀರಿನಲ್ಲಿ ಲೀಟರಿಗೆ ಸುಮಾರು 40 ಮಿಲಿಗ್ರಾಂ ಮಾತ್ರ ಕರಗುತ್ತೆ, ಅಂದರೆ ಮಿ.ಲೀ.ಗೆ 40 ಮೈಕ್ರೊಗ್ರಾಂ. ಕೊನೆಗೆ 50 ಬೇಕು ಅಂತ 200ರ ದ್ರಾವಣ ಬ್ರಾತ್‌ನಲ್ಲಿ ಮಾಡಿದರೆ ಸೂಜಿಯಂಥ ಹರಳು ಬೀಳುತ್ತೆ, ಬರಿಗಣ್ಣಿಗೆ ಬೆಳವಣಿಗೆ ಥರಾನೇ ಕಾಣುತ್ತೆ. ಒಂದು ಹನಿ ಸೂಕ್ಷ್ಮದರ್ಶಕದಡಿ ನೋಡಿ. 25ರಲ್ಲಿ ನಿಲ್ಲಿಸಿ, ಡಿಎಂಎಸ್‌ಒ ಸ್ಟಾಕ್‌ನಿಂದ ನೇರವಾಗಿ ಇನಾಕ್ಯುಲಂ ಬ್ರಾತ್‌ಗೇ ಬೆರೆಸಿ ಹಾಕಿದರೆ ಈ ತೊಂದರೆ ಕಮ್ಮಿ. ಬೆಳಕಿಗೆ ಅದರ ರೂಪ ಬದಲಾಗುತ್ತೆ, ಕಂದು ಬಾಟಲಿಯಲ್ಲಿಡಿ.

ಅರಿಶಿನದ ಕರ್ಕ್ಯುಮಿನ್ ಕಡೆ ಹೋಗಬೇಡಿ. ಹಳದಿ ಬಣ್ಣ ಪ್ಲೇಟ್ ರೀಡರಿನ ಓದನ್ನು ಕೆಡಿಸುತ್ತೆ, ತಟಸ್ಥ ಪಿಎಚ್‌ನ ಬ್ರಾತ್‌ನಲ್ಲಿ ಬೇಗ ಒಡೆಯುತ್ತೆ, ಯಾವ ಪರೀಕ್ಷೆಗೆ ಹಾಕಿದರೂ ಏನೋ ಒಂದು ಫಲಿತಾಂಶ ತೋರಿಸೋ ಸ್ವಭಾವ ಅದಕ್ಕೆ. ಗ್ರೀನ್ ಟೀ ಕ್ಯಾಟಚಿನ್‌ಗಳು ಬ್ರಾತ್‌ನಲ್ಲಿ ಹೈಡ್ರೊಜನ್ ಪೆರಾಕ್ಸೈಡ್ ಬಿಡುತ್ತವೆ, ಕ್ಯಾಟಲೇಸ್ ಹಾಕಿದ ಕಂಟ್ರೋಲ್ ಇಲ್ಲದೆ ಅವನ್ನೂ ನಂಬಬೇಡಿ. ಅಳಲೆಕಾಯಿಯಂಥ ಟ್ಯಾನಿನ್ ತುಂಬಿದ ಸಾರ ಬ್ರಾತ್‌ನ ಪ್ರೋಟೀನನ್ನೇ ಗರಣೆ ಕಟ್ಟಿಸುತ್ತೆ. ಎಲೆಯಲ್ಲಿರುವ ಮೆಗ್ನೀಷಿಯಂ, ಕ್ಯಾಲ್ಸಿಯಂ ಸಿಪ್ರೊಗೆ ಅಂಟಿಕೊಂಡು ಅದರ ಶಕ್ತಿ ಇಳಿಸುತ್ತವೆ, ಆಗ ಎಂಐಸಿ ಏರುತ್ತೆ. ಏರಿದರೆ ಅದನ್ನೂ ಪ್ರಾಜೆಕ್ಟ್‌ನಲ್ಲಿ ಬರೆಯಿರಿ.

ಇನ್ನು ನಿಮ್ಮ ಎರಡು ಐಸೊಲೇಟ್. ಎಂಐಸಿ 64 ಇರುವುದರಲ್ಲಿ ಸಿಪ್ರೊ ಕೂರುವ ಜಾಗವೇ, ಅಂದರೆ ಗೈರೇಸ್ ಮತ್ತು ಟೊಪೊಐಸೊಮರೇಸ್ ಜೀನ್‌ಗಳೇ ಬದಲಾಗಿರುವ ಸಾಧ್ಯತೆ ಹೆಚ್ಚು. ಪಂಪ್ ಮುಚ್ಚಿದರೂ 64 ಇಳಿದು 16 ಆಗಬಹುದು. 4 ಮತ್ತು ಮೇಲೆ ರೆಸಿಸ್ಟೆಂಟ್, ಹಾಗಾಗಿ ರೋಗಿಗೆ ಅದರಿಂದ ಪ್ರಯೋಜನ ಇಲ್ಲ. 8 ಇರುವುದನ್ನು ಮುಖ್ಯವಾಗಿ ತೆಗೆದುಕೊಳ್ಳಿ. ಪಂಪ್ ಕೆಲಸವೇ ಹೌದಾ ಅಂತ ತಿಳಿಯೋಕೆ ಎಥಿಡಿಯಂ ಬ್ರೊಮೈಡ್‌ನ ಎಂಐಸಿಯನ್ನೂ ನೋಡಿ. ನಾರ್‌ಎ ಅದನ್ನೂ ಹೊರಹಾಕುತ್ತೆ. ಪಿಪರಿನ್ ಇದ್ದಾಗ ಅದರ ಎಂಐಸಿಯೂ ಇಳಿದರೆ ನಿಮ್ಮ ಮಾತಿಗೆ ಬಲ ಬರುತ್ತೆ. ಗ್ಲೌಸ್ ಇಲ್ಲದೆ ಅದನ್ನು ಮುಟ್ಟಬೇಡಿ, ಡಿಎನ್‌ಎಗೆ ಹಾನಿ ಮಾಡೋ ವಸ್ತು.

ಲಕ್ಕಿಗೆ ದೇವರಾಯನದುರ್ಗದ ಕಾಡಿಗೆ ಹೋಗಬೇಕಿಲ್ಲ, ಮೀಸಲು ಅರಣ್ಯದಿಂದ ತರೋಕೆ ಇಲಾಖೆ ಅನುಮತಿ ಬೇಕಾಗುತ್ತೆ. ಹಳ್ಳದ ದಂಡೆ, ಹೊಲದ ಬದುವಿನಲ್ಲೇ ಸಿಗುತ್ತೆ. ಹೂವಿರುವ ರೆಂಬೆ ಒಂದನ್ನು ಒತ್ತಿ ಒಣಗಿಸಿ, ಹರ್ಬೇರಿಯಂನಲ್ಲಿ (ಒಣಗಿಸಿದ ಗಿಡಗಳ ಸಂಗ್ರಹ) ಗುರುತು ಮಾಡಿಸಿ ಸಂಖ್ಯೆ ತೆಗೆದುಕೊಳ್ಳಿ. ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿಯಲ್ಲಿ ಔಷಧಿ ಗಿಡಗಳ ದೊಡ್ಡ ಹರ್ಬೇರಿಯಂ ಇದೆ.

ವಾರ್ಡ್_ಸುತ್ತು (ಕೋಲಾರ)

ಮೇಲಿನ ಇಬ್ಬರೂ ಲ್ಯಾಬ್ ಭಾಗವನ್ನು ಚೆನ್ನಾಗಿ ಹೇಳಿದ್ದಾರೆ. ಪ್ರಾಜೆಕ್ಟ್‌ನ ಕೊನೇ ಅಧ್ಯಾಯದಲ್ಲಿ "ಇದರಿಂದ ಹೊಸ ಚಿಕಿತ್ಸೆ ಸಾಧ್ಯ" ಅಂತ ಬರೆಯೋ ಮುಂಚೆ ಒಂದು ಭಾಗಾಕಾರ ಮಾಡಿ. ರಿಸರ್ಪಿನ್ ಲ್ಯಾಬ್‌ನಲ್ಲಿ ಪಂಪ್ ತಡೆಯೋಕೆ ಸಾಮಾನ್ಯವಾಗಿ ಮಿ.ಲೀ.ಗೆ 20 ಮೈಕ್ರೊಗ್ರಾಂ ಹಾಕುತ್ತಾರೆ. ರಕ್ತದೊತ್ತಡಕ್ಕೆ ಕೊಡುತ್ತಿದ್ದ ದಿನದ ಡೋಸ್ 0.25 ಮಿಲಿಗ್ರಾಂ. ಅಷ್ಟೂ ಮೂರು ಲೀಟರ್ ಪ್ಲಾಸ್ಮಾದಲ್ಲೇ ಉಳಿಯಿತು ಅಂದುಕೊಂಡರೂ ಮಿ.ಲೀ.ಗೆ 0.08 ಮೈಕ್ರೊಗ್ರಾಂ. ಬೇಕಾದ್ದಕ್ಕಿಂತ 240 ಪಟ್ಟು ಕಮ್ಮಿ. ಡೋಸ್ ಏರಿಸಿದರೆ ಪಂಪ್ ನಿಲ್ಲೋಕೆ ಮುಂಚೆ ರೋಗಿಯ ರಕ್ತದೊತ್ತಡ ಕುಸಿಯುತ್ತೆ.

ಪಿಪರಿನ್ ಔಷಧಿಯೊಳಗೆ ಬಂದಿರೋದು ನಿಜ, ಆದರೆ ದಾರಿ ಬೇರೆ. ಜಮ್ಮುವಿನ ಸಿಎಸ್‌ಐಆರ್ ಪ್ರಯೋಗಾಲಯದ ಕೆಲಸದಿಂದ ಬಂದ ರಿಸೊರಿನ್ ಅನ್ನೋ ಕ್ಷಯದ ಮಾತ್ರೆಯಲ್ಲಿ ರಿಫಾಂಪಿಸಿನ್ 200, ಐಸೊನಯಜಿಡ್ 300, ಪಿಪರಿನ್ 10 ಮಿಲಿಗ್ರಾಂ. ಅಲ್ಲಿ ಪಿಪರಿನ್ ಇರೋದು ರಿಫಾಂಪಿಸಿನ್ ದೇಹಕ್ಕೆ ಹೆಚ್ಚು ಸೇರಲಿ ಅಂತ, ಬ್ಯಾಕ್ಟೀರಿಯಾದ ಪಂಪ್ ಮುಚ್ಚೋಕಲ್ಲ. ಈ ಎರಡನ್ನೂ ಒಂದೇ ಪ್ಯಾರಾದಲ್ಲಿ ಕಲಸಬೇಡಿ. ಪ್ರತಿರೋಧವನ್ನೇ ಮುರಿಯುವ ಜೋಡಿಗೆ ಉದಾಹರಣೆ ಬೇಕಾದರೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಇದೆ. ಕ್ಲಾವುಲನಿಕ್ ಆಮ್ಲ ಗಿಡದ್ದಲ್ಲ, ಸ್ಟ್ರೆಪ್ಟೊಮೈಸಿಸ್ ಅನ್ನೋ ಮಣ್ಣಿನ ಬ್ಯಾಕ್ಟೀರಿಯಾದ್ದು, ಆದರೂ ನಿಸರ್ಗದ್ದೇ.

ಗಿಡದ್ದು ಅಂದ ಮಾತ್ರಕ್ಕೆ ಸಹಾಯ ಮಾಡುತ್ತೆ ಅಂತಲೂ ಇಲ್ಲ. ಸಾಲಿಸಿಲೇಟ್ ಸಿಕ್ಕಿದರೆ ಇ. ಕೋಲಿಯ ಮಾರ್ ವ್ಯವಸ್ಥೆ ಜಾಗೃತವಾಗಿ, ಪಂಪ್‌ಗಳು ಹೆಚ್ಚಿ, ಹೊರಪೊರೆಯ ಬಾಗಿಲುಗಳು ಕಮ್ಮಿಯಾಗಿ, ಅದು ಹಲವು ಆ್ಯಂಟಿಬಯಾಟಿಕ್‌ಗೆ ಬಗ್ಗದ ಹಾಗಾಗುತ್ತೆ. ಮನೆಯಲ್ಲಿ ಮಾತ್ರೆ ಜೊತೆ ಕಷಾಯ ಸೇರಿಸಿ ಕುಡಿಯೋರು ಇದನ್ನು ಓದ್ತಿದ್ದರೆ, ವೈದ್ಯರಿಗೆ ಹೇಳದೆ ಮಾಡಬೇಡಿ. ಮೆಣಸಿನ ಸಾರು ಊಟಕ್ಕೆ ಸರಿ, ಪಿಪರಿನ್ ಕ್ಯಾಪ್ಸೂಲ್ ಬೇರೆ ವಿಷಯ, ಅದು ಬೇರೆ ಮಾತ್ರೆಗಳ ಮಟ್ಟವನ್ನೂ ರಕ್ತದಲ್ಲಿ ಏರಿಸಬಲ್ಲದು.

ಇಂಥ ಜೋಡಿಗಳಿಗೆ ಹತ್ತಿರದ ಜಾಗ ನನಗೆ ಕಾಣೋದು ಚರ್ಮ, ಗಾಯ. ಅಲ್ಲಿ ಬೇಕಾದ ಸಾಂದ್ರತೆಯನ್ನು ಮುಲಾಮಿನಲ್ಲೇ ಕೊಡಬಹುದು. ಪ್ರಾಜೆಕ್ಟನ್ನು ಆ ಕಡೆ ತಿರುಗಿಸಿ. ಒಂದು ಟೈಮ್-ಕಿಲ್ ಕೂಡ ಮಾಡಿ: 0, 4, 8, 24 ಗಂಟೆಗೆ ಬದುಕಿರುವ ಬ್ಯಾಕ್ಟೀರಿಯಾ ಎಣಿಕೆ, ಜೋಡಿಯು ಒಂಟಿ ಔಷಧಿಗಿಂತ 24 ಗಂಟೆಗೆ 100 ಪಟ್ಟು ಹೆಚ್ಚು ಇಳಿಸಿದರೆ ಸಿನರ್ಜಿ.

ಹಾಲಿನ_ಕ್ಯಾನ್ (ಶ್ರೀನಿವಾಸಪುರ)

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಹಸುವಿಗೆ ಕೆಚ್ಚಲು ಬಾವು ಬಂದು ಡಾಕ್ಟ್ರು ಮೊಲೆಗೆ ಟ್ಯೂಬ್ ಬಿಟ್ಟಿದಾರೆ. ಅದರ ಜೊತೆ ಬೇವು, ಲೋಳೆಸರ ರಸ ಸೋಸಿ ಮೊಲೆತೂತಿಗೆ ಬಿಟ್ಟರೆ ಬೇಗ ವಾಸಿ ಆಗುತ್ತಾ?

ಪಶುಬಂಧು_ಚಿಂತಾಮಣಿ

ಅಣ್ಣ, ಮೊಲೆತೂತಿಗೆ ಮನೆಯ ರಸ ಒಂದು ಹನಿಯೂ ಬೇಡ. ಬಟ್ಟೆಯಲ್ಲಿ ಸೋಸಿದ ರಸದಲ್ಲಿ ಮಣ್ಣಿನ ಸೂಕ್ಷ್ಮಜೀವಿ, ಯೀಸ್ಟ್ ಎಲ್ಲಾ ಇರುತ್ತೆ. ಯೀಸ್ಟ್ ಕೆಚ್ಚಲಿಗೆ ಹೋಯಿತು ಅಂದರೆ ಯಾವ ಆ್ಯಂಟಿಬಯಾಟಿಕ್ ಟ್ಯೂಬೂ ನಾಟಲ್ಲ, ಆ ಮೊಲೆ ಕೈಬಿಟ್ಟು ಹೋಗಬಹುದು.

ಹೊರಗಿನಿಂದ ಹಚ್ಚೋದು ಬೇರೆ. ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ನುಣ್ಣಗೆ ರುಬ್ಬಿ, ಕೆಂಪು ಬಣ್ಣಕ್ಕೆ ತಿರುಗುತ್ತೆ. ಕೆಚ್ಚಲು ತೊಳೆದು, ಹಾಲು ಪೂರ್ತಿ ಹಿಂಡಿ, ಒಂದು ಹಿಡಿ ತೆಗೆದು ನೀರಿನಲ್ಲಿ ತೆಳು ಮಾಡಿ ಕೆಚ್ಚಲಿಗೆಲ್ಲ ಸವರಿ. ದಿನಕ್ಕೆ ಎಂಟು ಹತ್ತು ಸಲ, ಐದು ದಿನ, ದಿನದಿನಕ್ಕೆ ಹೊಸದಾಗಿ ರುಬ್ಬಿಕೊಂಡು. ಡಾಕ್ಟ್ರ ಟ್ಯೂಬ್ ಜೊತೆಗೇ ಹಚ್ಚುತ್ತಿದ್ದೀರಿ ಅಂತ ಅವರಿಗೆ ತಿಳಿಸಿ. ಮುಂದಿನ ಟ್ಯೂಬ್ ಬಿಡೋ ಮುಂಚೆ ಮೊಲೆತುದಿಯನ್ನು ಸ್ಪಿರಿಟ್ ಹತ್ತಿಯಿಂದ ಚೆನ್ನಾಗಿ ಒರೆಸಿ, ಲೇಪದ ಅಂಶ ಒಳಗೆ ಹೋಗಬಾರದು.

ಟ್ಯೂಬಿನ ಮೇಲೆ ಎಷ್ಟು ದಿನ ಹಾಲು ಹಾಕಬಾರದು ಅಂತ ಬರೆದಿರುತ್ತೆ, ಕೊನೇ ಟ್ಯೂಬ್ ಬಿಟ್ಟ ಮೇಲಿಂದ ಆ ಲೆಕ್ಕ. ಒಂದು ಮೊಲೆಗೆ ಬಿಟ್ಟಿದ್ದರೂ ನಾಲ್ಕೂ ಮೊಲೆಯ ಹಾಲು ಡೈರಿಗೆ ಬೇಡ, ಕರುವಿಗೂ ಬೇಡ. ಬಾವು ಮೂರು ದಿನಕ್ಕೂ ಇಳಿಯದಿದ್ದರೆ ಹಾಲು ಪರೀಕ್ಷೆಗೆ ಕೊಡಿ: ಮೊಲೆತುದಿ ಸ್ಪಿರಿಟ್‌ನಲ್ಲಿ ಒರೆಸಿ, ಮೊದಲ ಮೂರ್ನಾಲ್ಕು ಸೆಳೆ ಚೆಲ್ಲಿ, ಆಮೇಲಿನದನ್ನು ಸ್ಟೆರೈಲ್ ಬಾಟಲಿಗೆ ಹಿಡಿದು, ಐಸ್ ಮೇಲಿಟ್ಟು ಅವತ್ತೇ ತಲುಪಿಸಿ. ಯಾವ ಔಷಧಿಗೆ ಬಗ್ಗುತ್ತೆ ಅನ್ನೋದು ಅಲ್ಲಿ ಗೊತ್ತಾಗುತ್ತೆ.

ಕಲ್ಪತರು_ಎಂಎಸ್ಸಿ

ಎಲ್ಲರಿಗೂ ಧನ್ಯವಾದ. ಹಳೇ ಡಿಸ್ಕ್ ಫಲಿತಾಂಶವನ್ನು ಪ್ರಾಥಮಿಕ ಪರೀಕ್ಷೆ ಅಂತ ಮಾತ್ರ ಇಟ್ಟು, ಸಿನರ್ಜಿ ಪದ ತೆಗೆದಿದ್ದೇನೆ. ಎಂಐಸಿ 8ರ ಐಸೊಲೇಟ್, 29213 ಕಂಟ್ರೋಲ್, ಪಿಪರಿನ್ 25 ಮೈಕ್ರೊಗ್ರಾಂ ಮತ್ತು ಲಕ್ಕಿ ಸಾರ 250 ಮೈಕ್ರೊಗ್ರಾಂ, ಮೂರು ದಿನ. ಸಾರ 250ರಲ್ಲಿ ಬೆಳವಣಿಗೆ ನಿಧಾನ ಆಗ್ತಿದೆಯಾ ಅಂತ ಮೊದಲು ಗಂಟೆಗೊಮ್ಮೆ ಓ.ಡಿ. (ಬ್ರಾತ್ ಎಷ್ಟು ಮಬ್ಬಾಗಿದೆ ಅನ್ನೋ ಅಳತೆ) ತೆಗೆದು ನೋಡಬೇಕಾ?

ರಸಸಾರ

ಹೌದು, ನೋಡಲೇಬೇಕು. ಸಾರ ಇಲ್ಲದ ಬ್ರಾತ್‌ಗಿಂತ ಬೆಳವಣಿಗೆ ನಿಧಾನವಾದರೆ 125ಕ್ಕೆ, ಆಗಲೂ ಆದರೆ 62ಕ್ಕೆ ಇಳಿಸಿ. ಸಾರದ ಬಣ್ಣ ಓ.ಡಿ.ಗೆ ಸೇರುತ್ತೆ, ಬ್ಯಾಕ್ಟೀರಿಯಾ ಇಲ್ಲದ ಸಾರದ ವೆಲ್‌ನ ಸಂಖ್ಯೆಯನ್ನು ಪ್ರತಿ ಗಂಟೆಯೂ ಕಳೆಯಿರಿ.